ಸಮುದ್ರದ ನೀರಲ್ಲಿ ಮೊಟ್ಟೆ ಮುಳುಗಿತು

ಜುಲೈ ಬಂತೆಂದರೆ ಕಾರವಾರದಲ್ಲಿ ಬೆಳಿಗ್ಗೆ ಎದ್ದು ಮೊದಲು ಮೊಬೈಲ್ ನೋಡುವುದು, ಮಳೆಗೆ ಶಾಲೆ ರಜೆ ಕೊಟ್ಟರಾ ಇಲ್ವಾ ಅಂತ. ಕೊಟ್ಟರೆ ನನ್ನ ಎಂಟು ವರ್ಷದ ಮಗಳು, ಐದು ವರ್ಷದ ಮಗ ಇಬ್ಬರೂ ದಿನವಿಡೀ ಮನೆಯೊಳಗೆ. ಅಂಗಳಕ್ಕೂ ಬಿಡುವ ಹಾಗಿಲ್ಲ.

ಒಮ್ಮೆ ಆನ್‌ಲೈನಲ್ಲಿ ಜ್ವಾಲಾಮುಖಿ ಕಿಟ್ ತರಿಸಿದ್ದೆ. ಪೊಟ್ಟಣ ಒಡೆಯುವಷ್ಟರಲ್ಲಿ ಇಲ್ಲಿನ ಥಂಡಿಗೆ ಪುಡಿಯೆಲ್ಲ ಕಲ್ಲಾಗಿತ್ತು. ದುಡ್ಡು ದಂಡ.

ಆಮೇಲೆ ಶುರುವಾದದ್ದು ಒಂದು ಕಲೆಯಿಂದ. ಮಗನ ಬಿಳಿ ಬನಿಯನ್ ಮೇಲೆ ಸಾರು ಚೆಲ್ಲಿತ್ತು. ಬಟ್ಟೆ ಸೋಪು ತಿಕ್ಕಿದ್ದೇ ತಡ, ಹಳದಿ ಕಲೆ ಕೆಂಪಗಾಯಿತು. ಅವನು "ಅಮ್ಮಾ, ರಕ್ತ!" ಎಂದು ಕೂಗಿದ. ಅತ್ತೆ ನಕ್ಕರು. "ಆರತಿಗೆ ಓಕುಳಿ ಮಾಡೋದೂ ಹೀಗೇ ಅಲ್ವಾ? ಅರಿಶಿನಕ್ಕೆ ಸುಣ್ಣ." ಇಷ್ಟು ವರ್ಷ ಓಕುಳಿ ಕಲಸಿದ ನನಗೇ ಅದು ಹೊಳೆದಿರಲಿಲ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಬಣ್ಣದ ಅಂಶ ಸುಣ್ಣ, ಸೋಪಿನಂಥ ಕ್ಷಾರ ಸಿಕ್ಕರೆ ಕೆಂಪಾಗುತ್ತದೆ, ಹುಳಿ ಸಿಕ್ಕರೆ ಮತ್ತೆ ಹಳದಿ. ಕಾಗದಕ್ಕೆ ಅರಿಶಿನ ನೀರು ಬಳಿದು ಒಣಗಿಸಿದೆವು. ಸೋಪು ನೀರಲ್ಲಿ ಬೆರಳದ್ದಿ ಚಿತ್ರ, ಲಿಂಬೆ ರಸದಿಂದ ಅಳಿಸುವುದು. ಒಂದು ಮಧ್ಯಾಹ್ನ ಹೋದದ್ದೇ ಗೊತ್ತಾಗಲಿಲ್ಲ. ಸುಣ್ಣ ಮಾತ್ರ ಮಕ್ಕಳ ಕೈಗೆ ಕೊಡಲಿಲ್ಲ. ಕಣ್ಣಿಗೆ ಹೋದರೆ ಆಟವಲ್ಲ.

ಧೈರ್ಯ ಬಂದು ಮರುದಿನ ಮುರುಗಲಿಗೆ (ಕೋಕಂ) ಕೈ ಹಾಕಿದೆ. ನಾಲ್ಕು ಒಣ ಸಿಪ್ಪೆ ಬಿಸಿನೀರಲ್ಲಿ ನೆನೆಸಿದರೆ ಚಂದದ ಕೆಂಪು ನೀರು. "ಈಗ ಅಡುಗೆ ಸೋಡಾ ಹಾಕ್ತೇನೆ, ಬಣ್ಣ ಬದಲಾಗ್ತದೆ ನೋಡಿ" ಎಂದು ಜೋರಾಗಿ ಹೇಳಿ ಒಂದು ಚಮಚ ಸುರಿದೆ. ಬುಸ್ಸೆಂದು ನೊರೆ ಉಕ್ಕಿ ಲೋಟ ದಾಟಿ ಮೇಜಿನ ಮೇಲೆಲ್ಲ ಹರಿಯಿತು. ಬಣ್ಣ ಕೆಂಪಗೇ ಇತ್ತು! ಮಕ್ಕಳಿಗೆ ಖುಷಿಯೋ ಖುಷಿ. ಕಿಟ್ಟಿನಲ್ಲಿ ಆಗದ ಜ್ವಾಲಾಮುಖಿ ಪುಕ್ಕಟೆ ಸಿಕ್ಕಿತ್ತು. ಮುರುಗಲು ಎಷ್ಟು ಹುಳಿಯೆಂದರೆ ಮೊದಲು ಹಾಕಿದ ಸೋಡಾ ಎಲ್ಲ ಆ ಹುಳಿ ಮುಗಿಸುವುದಕ್ಕೇ ಖರ್ಚಾಗುತ್ತದೆ. ನೊರೆ ನಿಂತ ಮೇಲೆ ಚಿಟಿಕೆ ಚಿಟಿಕೆ ಹಾಕುತ್ತಾ ಹೋದಾಗ ಕೆಂಪು ಮಾಸಿ ಬೂದು ನೇರಳೆಗೆ ತಿರುಗಿತು. ಕೆಳಗೆ ತಟ್ಟೆ ಇಟ್ಟುಕೊಂಡು ಮಾಡಿ, ನನ್ನ ಹಾಗೆ ಒರೆಸುತ್ತಾ ಕೂರಬೇಡಿ.

ಮೊಟ್ಟೆಯದು ದೊಡ್ಡ ಕಥೆ. ಬರೀ ನೀರಲ್ಲಿ ಮುಳುಗಿದ ಮೊಟ್ಟೆ, ಜಾಸ್ತಿ ಉಪ್ಪು ಹಾಕಿದರೆ ತೇಲುತ್ತದೆ. ಉಪ್ಪು ಕರಗಿದ ನೀರು ಅಷ್ಟೇ ಜಾಗದಲ್ಲಿ ಹೆಚ್ಚು ತೂಗುತ್ತದೆ, ಮೊಟ್ಟೆಯನ್ನು ಮೇಲೆ ಎತ್ತುತ್ತದೆ. ಇಷ್ಟು ಎಲ್ಲರೂ ಮಾಡಿ ತೋರಿಸುತ್ತಾರೆ. ಮಗಳು ಕೇಳಿದಳು, "ಹಾಗಾದ್ರೆ ಸಮುದ್ರದ ನೀರಲ್ಲಿ ತೇಲ್ತದೆ ಅಲ್ವಾ?" ಹೌದು ಎಂದುಬಿಟ್ಟೆ. ಸಂಜೆ ಮಳೆ ಬಿಟ್ಟಾಗ ನಮ್ಮ ಮನೆಯವರು ಟಾಗೋರ್ ಬೀಚಿಗೆ ಹೋಗಿ ಬಾಟಲಿ ತುಂಬಿಸಿ ತಂದರು. ಮೊಟ್ಟೆ ಸೀದಾ ತಳಕ್ಕೆ ಹೋಯಿತು. "ಅಪ್ಪ ನಲ್ಲಿ ನೀರು ತಂದಿದ್ದಾನೆ" ಎಂದು ಗಲಾಟೆ. ನಾಲಿಗೆಗೆ ಹಚ್ಚಿ ನೋಡಿದಳು, ಉಪ್ಪುಪ್ಪು.

ಸರಿ, ಅಡುಗೆಮನೆ ತಕ್ಕಡಿ ಇಳಿಸಿದೆವು. ಒಂದು ಲೀಟರ್ ನಲ್ಲಿ ನೀರಿಗೆ ಹತ್ತತ್ತು ಗ್ರಾಂ ಉಪ್ಪು ಹಾಕಿ ಕದಡುವುದು, ಮೊಟ್ಟೆ ಬಿಡುವುದು. ಲೆಕ್ಕ ಬರೆಯುವುದು ಮಗಳು, ಕದಡುವುದು ಮಗ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮಳೆಗಾಲದಲ್ಲಿ ಕಾಳಿ ನದಿಯ ನೀರೆಲ್ಲ ಬಂದು ಸೇರುವ ನಮ್ಮ ದಂಡೆಯಲ್ಲಿ ಇನ್ನೂ ಕಡಿಮೆ. 40 ದಾಟಿತು, 80 ದಾಟಿತು, ಮೊಟ್ಟೆ ಮಲಗೇ ಇತ್ತು. ಮಗನಿಗೆ ಬೇಜಾರು ಬಂದು ಎದ್ದು ಹೋದ. 110ಕ್ಕೆ ಒಂದು ತುದಿ ಎತ್ತಿ ನಿಂತಿತು. 120ಕ್ಕೆ ನಿಧಾನ ಮೇಲೆ ಬಂತು, ಬೆನ್ನು ಮಾತ್ರ ಹೊರಗೆ. ಮೊಟ್ಟೆ ತಾಜಾ ಇರಬೇಕು. ಹಳತಾದರೆ ಒಳಗೆ ಗಾಳಿ ಜಾಸ್ತಿಯಾಗಿ ಬೇಗ ತೇಲುತ್ತದೆ, ಲೆಕ್ಕ ತಪ್ಪುತ್ತದೆ.

ಅಷ್ಟೊಂದು ಉಪ್ಪು ಖಾಲಿಯಾಗಿದ್ದಕ್ಕೆ ಅತ್ತೆ ಗೊಣಗಿದರು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಬಿಸಿಲಿಗೆ ನೀರು ಆರಿ ಆರಿ ಉಪ್ಪು ಹರಳುಗಟ್ಟುತ್ತದೆ, ಅಲ್ಲಿ ಮೊಟ್ಟೆ ತೇಲಬಹುದು ನೋಡು ಎಂದು ಮಗಳಿಗೆ ಹೇಳಿದೆ. ನಾಳೆಯೇ ಹೊರಡೋಣ ಎಂದಳು ಮಗಳು. ಮಳೆಯಲ್ಲಿ ಉಪ್ಪು ಎಲ್ಲಿ ಮಾಡ್ತಾರೆ, ಬೇಸಿಗೆ ಬರಲಿ ಅಂದಿದ್ದೇನೆ. ಅಲ್ಲಿಯ ತನಕ ಮೊಟ್ಟೆ ಒಡೆಯದ ಹಾಗೆ ಒಯ್ಯುವುದು ಹೇಗೆ ಅಂತ ಅಕ್ಕ ತಮ್ಮನ ನಡುವೆ ಜಗಳ ನಡೆದಿದೆ.