ಕಾಳಿ ಎಂಬ ನಾಯಿಯನ್ನು ಹುಡುಕಿಕೊಂಡು

ಕೊರೋನಾಕ್ಕೆ ಮುಂಚಿನ ಮಾತು. ಆ ಭಾನುವಾರ ನಾವು ಹೊರಟಿದ್ದು ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂಗೆ. ಕಸ್ತೂರಬಾ ರಸ್ತೆಯಲ್ಲಿ ಆಟೋ ಇಳಿದು ನೋಡಿದರೆ ಟಿಕೆಟ್ ಸಾಲು ಫುಟ್‌ಪಾತ್‌ವರೆಗೂ ಬಂದಿತ್ತು. ನಾವು ಐದು ಜನ: ನಾನು, ಹೆಂಡತಿ, 11 ವರ್ಷದ ಮಗಳು, 7 ವರ್ಷದ ಮಗ, ಮದ್ದೂರಿನಿಂದ ಬಂದಿದ್ದ ನಮ್ಮತ್ತೆ. ಅತ್ತೆಗೆ ಮಂಡಿನೋವು. ಬಿಸಿಲಲ್ಲಿ ನಿಲ್ಲಿಸುವ ಹಾಗಿರಲಿಲ್ಲ.

ಪಕ್ಕದಲ್ಲೇ ಕೆಂಪು ಬಣ್ಣದ ಸರ್ಕಾರಿ ಮ್ಯೂಸಿಯಂ. ಅಲ್ಲಿ ಸಾಲೂ ಇಲ್ಲ, ಗಲಾಟೆಯೂ ಇಲ್ಲ.

"ಅಲ್ಲಿ ಬರೀ ಕಲ್ಲು ಅಪ್ಪ. ಸ್ಕೂಲಿಂದ ಹೋಗಿದ್ವಿ," ಎಂದಳು ಮಗಳು.

ಅವಳ ಮಾತಲ್ಲಿ ತಪ್ಪಿರಲಿಲ್ಲ. ನಾನೂ ಅದಕ್ಕೆ ಮುಂಚೆ ಎರಡು ಸಲ ಹೋಗಿದ್ದೆ. ಎರಡು ಸಲವೂ ಮದುವೆ ಮನೆಯಲ್ಲಿ ಗುರುತಿಲ್ಲದವರ ಮಧ್ಯೆ ಓಡಾಡಿದ ಹಾಗೆ ಅರ್ಧ ಗಂಟೆ ಸುತ್ತಿ ಹೊರಗೆ ಬಂದಿದ್ದೆ. ಮ್ಯೂಸಿಯಂ ಶುರುವಾಗಿದ್ದು 1865ರಲ್ಲಿ, ಕಟ್ಟಡ 1877ರದ್ದು ಅಂತ ಹೇಳಿದರೆ ಯಾವ ಮಗು ತಾನೇ ಕುಣಿಯುತ್ತೆ? ಆದರೆ ಈ ಸಲ ಆತಕೂರು ಶಾಸನ ಅಲ್ಲೇ ಇದೆ ಎನ್ನುವುದು ಥಟ್ಟನೆ ನೆನಪಾಯಿತು.

"ಒಳಗೆ ಒಂದು ನಾಯಿ ಇದೆ. ಸಾವಿರ ವರ್ಷಕ್ಕಿಂತ ಜಾಸ್ತಿ ವಯಸ್ಸು. ಹೆಸರು ಕಾಳಿ. ಮೊದಲು ಹುಡುಕಿದವರಿಗೆ ಐಸ್‌ಕ್ರೀಂ."

ಇಬ್ಬರೂ ಓಡಿದರು. ನಾನು ಅವತ್ತು ಮಾಡಿದ ಒಳ್ಳೆ ಕೆಲಸ ಇದೊಂದೇ. ಎಲ್ಲ ನೋಡಬೇಕು ಅನ್ನುವ ಆಸೆ ಬಿಟ್ಟೆ. ಹೊಯ್ಸಳರ ಶಿಲ್ಪ, ಮೈಸೂರು ಚಿತ್ರಗಳು, ಹಳೇ ವಾದ್ಯಗಳು, ಎಲ್ಲವನ್ನೂ ಹಾದು ಹೋಗಿದ್ದಷ್ಟೇ.

ನಾಯಿ ಸಿಕ್ಕಿದ್ದು ಮಗನಿಗೆ. ಕಲ್ಲಿನ ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಮುಖಾಮುಖಿ ಬಿದ್ದಿವೆ. ಉಳಿದ ಜಾಗವೆಲ್ಲ ಅಕ್ಷರ. ನಾಲ್ಕೈದು ಅಕ್ಷರ ಬಿಟ್ಟರೆ ನನಗೂ ಗೊತ್ತಾಗುವ ಲಿಪಿಯಲ್ಲ. ಫೋನಿನಲ್ಲಿ ಶಾಸನದ ಪಾಠ ಹುಡುಕಿದೆ, ಸಿಕ್ಕಿತು. ಅತ್ತೆಗೆ ಅಲ್ಲೇ ಒಂದು ಕುರ್ಚಿ ಕೇಳಿ ಹಾಕಿಸಿ, ಮಕ್ಕಳನ್ನು ನೆಲದ ಮೇಲೆ ಕೂರಿಸಿ ಕತೆ ಶುರು ಮಾಡಿದೆ.

949ರ ಸುಮಾರಿಗೆ ತಕ್ಕೋಲಂ ಅನ್ನುವ ಕಡೆ ದೊಡ್ಡ ಯುದ್ಧ. ಒಂದು ಕಡೆ ರಾಷ್ಟ್ರಕೂಟರ ಮೂರನೇ ಕೃಷ್ಣ, ಅವನ ಜೊತೆ ಗಂಗರ ಬೂತುಗ. ಇನ್ನೊಂದು ಕಡೆ ಚೋಳರು. ಚೋಳರ ರಾಜಾದಿತ್ಯ ಸತ್ತ. ಕೃಷ್ಣ ಖುಷಿಯಾಗಿ ಬೂತುಗನಿಗೆ ಬನವಾಸಿ ನಾಡನ್ನೇ ಕೊಟ್ಟ. ಬೂತುಗನ ಕಡೆ ಮಣಲೆರ ಅಂತ ಒಬ್ಬ ವೀರ. ಅವನಿಗೆ ಬೂತುಗ, ಏನು ಬೇಕೋ ಕೇಳು ಅಂದ.

"ಏನು ಕೇಳಿರಬಹುದು?"

"ಚಿನ್ನ," ಎಂದಳು ಮಗಳು. "ಕುದುರೆ," ಎಂದ ಮಗ.

ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಬೆಳತ್ತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಅದನ್ನು ಬಿಟ್ಟರು. ಮುಂದಿನದನ್ನು ಶಾಸನ ಮೂರೇ ಮಾತಲ್ಲಿ ಮುಗಿಸುತ್ತದೆ: 'ಪಂದಿಯುಂ ನಾಯುಂ ಒಡಸತ್ತುವು'.

ಒಡಹುಟ್ಟಿದವರು ಅಂತೀವಲ್ಲ, ಅದೇ 'ಒಡ'. ಜೊತೆಗೇ ಸತ್ತವು. ಇದನ್ನು ಬಿಡಿಸಿ ಹೇಳಿದ ಮೇಲೆ ಮಗಳು ತಮ್ಮನನ್ನು ಒಂದು ಥರಾ ನೋಡಿದಳು. ಅರ್ಧ ನಿಮಿಷ ಇಬ್ಬರೂ ಜಗಳ ಆಡಲಿಲ್ಲ. ನಮ್ಮನೆಯಲ್ಲಿ ಇದು ದೊಡ್ಡ ವಿಷಯ.

ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರನ ಮುಂದೆ ಈ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು ಎಂದು ಹೇಳುವಷ್ಟರಲ್ಲಿ ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ಯಾವೂರು ಅಂದ್ರಿ?"

"ಆತಕೂರು. ಮಂಡ್ಯ ಜಿಲ್ಲೆ."

"ಅಯ್ಯೋ, ನಮ್ಮ ಆತಗೂರು ಅಲ್ವಾ ಅದು! ಅಲ್ಲಿಗೆ ಎಷ್ಟು ಸಲ ಹೋಗಿಲ್ಲ ನಾನು. ಈ ನಾಯಿ ವಿಷಯ ಒಬ್ಬರಾದ್ರೂ ಹೇಳಿದ್ರಾ?"

ಅಲ್ಲಿಂದ ಕತೆ ನನ್ನ ಕೈ ತಪ್ಪಿತು. ಅತ್ತೆ ಮಂಡಿನೋವು ಮರೆತು ಎದ್ದು ಬಂದರು. ಮೊರಡಿ ಅಂದರೆ ಮರಡಿ, ಕಲ್ಲುಗುಡ್ಡ ಅಂತ ಮೊಮ್ಮಕ್ಕಳಿಗೆ ವಿವರಿಸಿದ್ದು ಅವರೇ. ಅವರ ಚಿಕ್ಕಂದಿನಲ್ಲಿ ಕಬ್ಬಿನ ಗದ್ದೆಗೆ ಹಂದಿ ನುಗ್ಗುತ್ತಿದ್ದದ್ದು, ತಮಟೆ ಬಡಿದು ಓಡಿಸುತ್ತಿದ್ದದ್ದು, ಎಲ್ಲ ಬಂತು. ಸುಮ್ನೆ ನಿಂತು ಕೇಳಿದೆ. ಗೈಡ್ ಇಟ್ಟುಕೊಂಡಿದ್ದರೂ ಇಷ್ಟು ಸಿಗುತ್ತಿರಲಿಲ್ಲ.

ಶಾಸನದ ಕೊನೆಗೆ ಒಂದು ಎಚ್ಚರಿಕೆಯೂ ಇದೆ. ಆ ಜಾಗ ನೋಡಿಕೊಳ್ಳುವ ಗೊರವ, ಅಂದರೆ ಶಿವನ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಬರುತ್ತದೆಯಂತೆ.

"ನಾಯಿ ಏನು ಪಾಪ ಮಾಡಿತ್ತು?" ಎಂದು ಮಗ ಕೇಳಿದ. ಉತ್ತರ ಹೊಳೆಯಲಿಲ್ಲ. ಐಸ್‌ಕ್ರೀಂ ನೆನಪಿಸಿ ತಪ್ಪಿಸಿಕೊಂಡೆ.

ಹೊರಡುವ ಮುಂಚೆ ಫೋಟೋ ಬೇಡ, ಚಿತ್ರ ಬರೆಯಿರಿ ಅಂದೆ. ಬ್ಯಾಗಿನಲ್ಲಿ ಪೆನ್ಸಿಲ್ಲು, ಹಳೇ ನೋಟ್‌ಬುಕ್ ಇದ್ದವು. ಮಗನ ಚಿತ್ರದಲ್ಲಿ ನಾಯಿ ಹಂದಿಗಿಂತ ದೊಡ್ಡದು. ಮಗಳು ಮಾತ್ರ ಕಲ್ಲಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಕಾಲು ಹೇಗಿದೆ, ಬಾಲ ಹೇಗಿದೆ ಅಂತ ನೋಡಿ ನೋಡಿ ಬರೆದಳು. ಬರೀ ಕಲ್ಲು ಅಂದಿದ್ದವಳು!

ಬೇಗೂರಿನ ವೀರಗಲ್ಲೂ ಅದೇ ಮ್ಯೂಸಿಯಂನಲ್ಲಿದೆ. ಆನೆ, ಕುದುರೆ, ಕತ್ತಿ ಹಿಡಿದವರು ತುಂಬಿದ ಯುದ್ಧದ ಕಲ್ಲು. ಅದರ ಮುಂದೆಯೂ ಒಂದು ಗಂಟೆ ಕೂರಬಹುದಿತ್ತು. ಆದರೆ ಮಕ್ಕಳ ಹೊಟ್ಟೆ ಚುರುಗುಟ್ಟುತ್ತಿತ್ತು. ಕಬ್ಬನ್ ಪಾರ್ಕಿನ ಮರದಡಿ ಡಬ್ಬಿ ಬಿಚ್ಚಿ ಚಿತ್ರಾನ್ನ ತಿಂದೆವು.

ತಿನ್ನುವಾಗ ಪ-ಹ ಆಟ ಶುರುವಾಯಿತು. ಪಂದಿ ಹಂದಿ ಆದ ಹಾಗೆ ಪಲ್ಲು ಹಲ್ಲಾಯಿತು, ಪುಲಿ ಹುಲಿಯಾಯಿತು ಅಂತ ಹೇಳಿಕೊಟ್ಟಿದ್ದೆ. ದಾರಿಯುದ್ದಕ್ಕೂ ಅದೇ. ಪೂವು, ಪಳ್ಳಿ, ಪಾವು. ಆಟೋ ಡ್ರೈವರ್ ಕನ್ನಡಿಯಲ್ಲಿ ಎರಡು ಸಲ ನೋಡಿದರು.

ರಾತ್ರಿ ಮಲಗುವ ಹೊತ್ತಿಗೆ ಮಗ ಲೋಟ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತ. "ಅಜ್ಜಿ, ನಂಗೆ ಪಾಲು ಕೊಡಿ."

"ಹಲ್ಲು ಪೂರ್ತಿ ಹುಟ್ಟಿಲ್ಲ, ಆಗಲೇ ಪಾಲು ಕೇಳ್ತಾನೆ ನೋಡೇ ನಿನ್ನ ಮಗ," ಎಂದರು ಅತ್ತೆ.