ಹೋವರ್ಡ್‌ಗೆ ಬರುವ ಕನ್ನಡದ ವಿದ್ಯಾರ್ಥಿಗಳಿಗೆ: ಕ್ಯಾಂಪಸ್ಸಿನೊಳಗಿನ ಅಂತಸ್ತು

ಕಪ್ಪು ಜನರ ಹಳೆಯ ವಿದ್ಯಾಸಂಸ್ಥೆಯಾದ ವಾಷಿಂಗ್ಟನ್ ಡಿ.ಸಿ.ಯ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಎಂ.ಎಸ್. ಓದಲು ಬರುವ ನಮ್ಮವರಲ್ಲಿ ಅನೇಕರು, ಇಲ್ಲಿನ ಕಪ್ಪು ವಿದ್ಯಾರ್ಥಿಗಳೆಲ್ಲ ಒಂದೇ ಥರದ ಮನೆಗಳಿಂದ ಬಂದವರು ಎಂದುಕೊಂಡಿರುತ್ತಾರೆ. ಹಾಗಿಲ್ಲ. ಅಜ್ಜಿ, ಅಮ್ಮ ಇಬ್ಬರೂ ಇಲ್ಲೇ ಓದಿದ ವಕೀಲರ ಮನೆಯ ಹುಡುಗಿ, ಮನೆತನದಲ್ಲೇ ಮೊದಲು ಕಾಲೇಜು ಕಂಡ ಹುಡುಗ, ನೈಜೀರಿಯಾದ ಲಾಗೋಸ್ ಅಥವಾ ಜಮೈಕಾದ ಕಿಂಗ್‌ಸ್ಟನ್‌ನಿಂದ ಬಂದ ಕುಟುಂಬದವರು, ಎಲ್ಲರೂ ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ.

ಈ ಅಂತರ ನಿನ್ನೆ ಮೊನ್ನೆಯದಲ್ಲ. 1860ರ ಜನಗಣತಿಯ ವೇಳೆಗೇ ವಾಷಿಂಗ್ಟನ್ನಿನಲ್ಲಿ ಸುಮಾರು 11,000 ಕಪ್ಪು ಜನ ಸ್ವತಂತ್ರರಾಗಿದ್ದರು, 3,000ಕ್ಕೂ ಹೆಚ್ಚು ಜನ ಇನ್ನೂ ಗುಲಾಮರಾಗಿದ್ದರು. ಮೊದಲೇ ಬಿಡುಗಡೆಯಾದ ಮನೆಗಳಿಗೆ ಅಕ್ಷರ, ಕಸುಬು, ಆಸ್ತಿ ಮೊದಲು ದಕ್ಕಿತು. ಅವರಲ್ಲಿ ಅನೇಕರು ತಿಳಿಬಣ್ಣದವರಾಗಿದ್ದರಿಂದ ಅಂತಸ್ತಿಗೆ ಮೈಬಣ್ಣವೂ ಅಂಟಿಕೊಂಡಿತು. ಹೋವರ್ಡ್ ಶುರುವಾಗಿದ್ದು 1867ರಲ್ಲಿ, ಈ ಎಲ್ಲದರ ನಡುವೆ. ನಮ್ಮ ಮನೆಗಳಲ್ಲಿ ಸಲೀಸಾಗಿ ಆಡುವ ಬಣ್ಣದ ಮಾತು, ಹೊಗಳಿಕೆಯಾದರೂ ಸರಿ, ಇಲ್ಲಿ ಖಂಡಿತ ಬೇಡ. ಅದು ಎಲ್ಲಿಗೆ ಹೋಗಿ ತಾಗುತ್ತದೆ ಎಂದು ನಿಮಗೆ ಗೊತ್ತಾಗುವುದೂ ಇಲ್ಲ.

ಅಂತರ ಎದ್ದು ಕಾಣುವುದು ಸೆಮಿಸ್ಟರಿನ ಮೊದಲ ತಿಂಗಳು. ಕಡಿಮೆ ಆದಾಯದ ಮನೆಯ ಪದವಿ ವಿದ್ಯಾರ್ಥಿಗಳಿಗೆ ಸರ್ಕಾರದ ಪೆಲ್ ಗ್ರಾಂಟ್ ಸಿಗುತ್ತದೆ. 2024-25ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್. ಅದು ಖಾಸಗಿ ವಿಶ್ವವಿದ್ಯಾಲಯದ ಫೀಸಿಗೆ ಏನೇನೂ ಸಾಲದು, ಉಳಿದದ್ದಕ್ಕೆ ಸಾಲ, ಸ್ಕಾಲರ್‌ಶಿಪ್. ಎಲ್ಲ ಜಮೆಯಾಗಿ ಫೀಸು ಕಳೆದ ಮೇಲೆ ಏನಾದರೂ ಮಿಕ್ಕರೆ ಅದು 'ರಿಫಂಡ್ ಚೆಕ್' ಆಗಿ ವಿದ್ಯಾರ್ಥಿಯ ಕೈಸೇರುತ್ತದೆ. ಪುಸ್ತಕ, ಲ್ಯಾಪ್‌ಟಾಪ್, ಬಾಡಿಗೆ ಎಲ್ಲದಕ್ಕೂ ಆ ಹಣವೇ ಗತಿ. ಆದಾಯದ ಕಾಗದ ಪರಿಶೀಲನೆಗೆ ಸಿಕ್ಕಿಕೊಂಡರೆ ವಾರಗಟ್ಟಲೆ ತಡ. ಹಾಗಾಗಿ ಮೂರನೇ ವಾರದಲ್ಲೂ ಒಬ್ಬರ ಕೈಯಲ್ಲಿ ಪುಸ್ತಕವಿಲ್ಲದಿದ್ದರೆ ಸೋಮಾರಿ ಎಂದು ತೀರ್ಮಾನಿಸಬೇಡಿ. ನೀವು ಟಿ.ಎ. (ಬೋಧನಾ ಸಹಾಯಕ) ಆಗಿದ್ದರೆ ಪಠ್ಯದ ಒಂದು ಪ್ರತಿಯನ್ನು ಲೈಬ್ರರಿಯ ರಿಸರ್ವ್‌ನಲ್ಲಿ (ಅಲ್ಲೇ ಓದಲು ಎಲ್ಲರಿಗೂ ಸಿಗುವಂತೆ) ಇಡಿಸಲು ಪ್ರೊಫೆಸರ್‌ಗೆ ಮೊದಲ ವಾರವೇ ಹೇಳಿ. ಗುಂಪಿನ ಖರ್ಚಿಗೆ ಎಲ್ಲರ ಮುಂದೆ ದುಡ್ಡು ಕೇಳಬೇಡಿ. ಖರ್ಚಿಲ್ಲದ ದಾರಿ ಹುಡುಕಿ.

ವಿದೇಶಿ ವಿದ್ಯಾರ್ಥಿಗಳಾದ ನಿಮಗೆ ಪೆಲ್ ಗ್ರಾಂಟ್ ಇಲ್ಲ. ಬಾಕಿ ಉಳಿದರೆ ಖಾತೆಗೆ 'ಹೋಲ್ಡ್' ಬೀಳುತ್ತದೆ, ನೋಂದಣಿ ನಿಲ್ಲುತ್ತದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಇದು ದೊಡ್ಡ ಅಪಾಯ: ಪದವಿಯವರು 12 ಕ್ರೆಡಿಟ್, ಸ್ನಾತಕೋತ್ತರದವರು ಸಾಮಾನ್ಯವಾಗಿ 9 ಕ್ರೆಡಿಟ್ ಉಳಿಸಿಕೊಳ್ಳಲೇಬೇಕು, ಕ್ರೆಡಿಟ್ ಇಳಿಸಲು ದುಡ್ಡಿನ ಮುಗ್ಗಟ್ಟು ಒಪ್ಪಿತ ಕಾರಣವಲ್ಲ. ಊರಿನ ಬ್ಯಾಂಕಿನ ಸಾಲ ಕಂತಿನಲ್ಲಿ ಬರುವುದಾದರೆ ಫೀ ಇನ್‌ವಾಯ್ಸ್ ಕೈಗೆ ಬಂದ ದಿನವೇ ಬ್ಯಾಂಕಿಗೆ ಕಳಿಸಿ. ತಡವಾಗುವ ಸುಳಿವು ಸಿಕ್ಕರೆ ಕ್ರೆಡಿಟ್ ಕಡಿಮೆಯಾಗುವ ಮುನ್ನವೇ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಿ ಮಾತಾಡಿ.

ಇನ್ನು ಸೊರೊರಿಟಿ, ಫ್ರೆಟರ್ನಿಟಿಗಳು, ಅಂದರೆ ಹುಡುಗಿಯರ, ಹುಡುಗರ ಸದಸ್ಯತ್ವದ ಸಂಘಗಳು. 'ಡಿವೈನ್ ನೈನ್' ಎನ್ನುವ ಕಪ್ಪು ವಿದ್ಯಾರ್ಥಿಗಳ ಒಂಬತ್ತು ಸಂಘಗಳಲ್ಲಿ ಐದು ಹೋವರ್ಡ್‌ನಲ್ಲೇ ಹುಟ್ಟಿದವು. ಮೊದಲನೆಯದು 1908ರ ಆಲ್ಫಾ ಕಪ್ಪಾ ಆಲ್ಫಾ, ಕಮಲಾ ಹ್ಯಾರಿಸ್ ಇಲ್ಲಿ ಓದುವಾಗ ಸೇರಿದ್ದು ಇದನ್ನೇ. ಸೇರಲು ಅಂಕ, ಸೇವೆ, ಶಿಫಾರಸಿನ ಜೊತೆಗೆ ದುಡ್ಡೂ ಬೇಕು. ಅಮ್ಮ ಸದಸ್ಯೆಯಾಗಿದ್ದರೆ ಮಗಳಿಗೆ ದಾರಿ ಪರಿಚಿತ. ಹಾಗೆಂದು ಇದನ್ನು ಬರೀ ಶ್ರೀಮಂತರ ಕ್ಲಬ್ಬು ಎನ್ನುವುದು ತಪ್ಪು: ವರ್ಣಭೇದದ ಕಾಲದಲ್ಲಿ ಮತದಾನದ ಹಕ್ಕಿಗೂ ಶಿಕ್ಷಣಕ್ಕೂ ದುಡಿದವರು ಇವರೇ. ಸದಸ್ಯರಲ್ಲದವರು ಅವರ ಸಂಘದ ಗ್ರೀಕ್ ಅಕ್ಷರಗಳಿರುವ ಅಂಗಿ ತೊಡಬಾರದು, ಕೂಗು, ಕೈಸನ್ನೆ ಅನುಕರಿಸಬಾರದು, ಸಾಲಾಗಿ ಕುಣಿಯುತ್ತ ಸಾಗುವಾಗ ನಡುವೆ ನುಗ್ಗಬಾರದು. ಪಕ್ಕದಲ್ಲಿ ನಿಂತು ನೋಡಿ, ಯಾರೂ ಬೇಡವೆನ್ನುವುದಿಲ್ಲ.

ಅಕ್ಟೋಬರ್ ಹೊತ್ತಿಗೆ, ಹಳೆಯ ವಿದ್ಯಾರ್ಥಿಗಳು ಮರಳಿ ಬರುವ ಹಬ್ಬವಾದ ಹೋಮ್‌ಕಮಿಂಗ್‌ನಲ್ಲಿ ಬಟ್ಟೆ, ಟಿಕೆಟ್, ಪಾರ್ಟಿ ಎಂದು ನೂರಾರು ಡಾಲರ್ ಸುರಿಯುವವರಿದ್ದಾರೆ. ಹಳಬರು ಕಲೆಯುವುದು 'ಯಾರ್ಡ್' ಎಂಬ ನಡುವಣ ಹುಲ್ಲುಹಾಸಿನ ಸುತ್ತ. ಪರಿಚಯ ಬೆಳೆಸಿಕೊಳ್ಳಲು ಅದೇ ಒಳ್ಳೆಯ ಜಾಗ.

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ವಿಮಾನದ ದುಡ್ಡಿಲ್ಲದೆ ಉಳಿಯುವವರು ನಮ್ಮವರಷ್ಟೇ ಅಲ್ಲ. ಅನ್ನ, ಸಾರು ಮಾಡುವ ದಿನ ಲ್ಯಾಬಿನಲ್ಲಿ ಉಳಿದವರನ್ನೂ ಊಟಕ್ಕೆ ಕರೆಯಿರಿ, ಕಾರಣ ಕೇಳಬೇಡಿ.