ಶವರ್‌ನಲ್ಲಿ ನೀರು ಜೋರಿಲ್ಲವೇ? ಪಂಪ್ ಕೊಳ್ಳುವ ಮೊದಲು ಟೆರೇಸ್ ಹತ್ತಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನ ಭಾವನ ಮನೆ. ಕಳೆದ ಬೇಸಗೆಯಲ್ಲಿ ಅಲ್ಲಿ ಶವರ್ ನೀರು ನೂಲಿನ ಹಾಗೆ ಬರತೊಡಗಿತು. ಭಾವ ಮೊದಲು ಶವರ್ ಬದಲಿಸಿದರು. ಆಮೇಲೆ 500 ಲೀಟರಿನ ಟ್ಯಾಂಕ್ ತೆಗೆಸಿ 1,000 ಲೀಟರಿನದ್ದು ಇಡಿಸಿದರು. ಅದಕ್ಕೂ ಬಗ್ಗದಾಗ ಪ್ರೆಶರ್ ಪಂಪ್ ತಂದರು. ಪಂಪಿಗೂ ಗಾಳಿ ಹಿಡಿದು ಅದು ಸುಮ್ನೆ ಗುರ್ ಅಂದಿತೇ ಹೊರತು ನೀರು ಜಾಸ್ತಿಯಾಗಲಿಲ್ಲ. ತಪ್ಪಿದ್ದದ್ದು ಟೆರೇಸಿನಲ್ಲಿ, ಲೈನಿನೊಳಗಿನ ಗಾಳಿ ಹೊರಹೋಗಲು ನಿಲ್ಲಿಸಿದ ಒಂದು ಏರ್ ಪೈಪಿನಲ್ಲಿ. ಯಾರೋ ಅದರ ಬಾಯಿಗೆ ಕ್ಯಾಪ್ ಹಾಕಿದ್ದರು. ಇಂಥ ಖರ್ಚನ್ನು ನಾಲ್ಕೈದು ಮನೆಗಳಲ್ಲಿ ನೋಡಿ ಹೊಟ್ಟೆ ಉರಿದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. ಟ್ಯಾಂಕ್ ಎಷ್ಟು ದೊಡ್ಡದು ಎಂಬುದಕ್ಕೂ ನೀರಿನ ಜೋರಿಗೂ ಸಂಬಂಧವಿಲ್ಲ. ಶವರ್‌ಗಿಂತ ನೀರು ಎಷ್ಟು ಎತ್ತರದಲ್ಲಿದೆ ಎಂಬುದೇ ಮುಖ್ಯ. 10 ಮೀಟರ್, ಅಂದರೆ ಸುಮಾರು 33 ಅಡಿ ಎತ್ತರ ಇದ್ದರೆ ಪ್ಲಂಬರ್‌ಗಳು ಹೇಳುವ ಒಂದು ಕಿಲೋ ಪ್ರೆಶರ್ ಸಿಗುತ್ತದೆ. ಒಂದೇ ಮಹಡಿಯ ಮನೆಯಲ್ಲಿ ಟ್ಯಾಂಕನ್ನು ಟೆರೇಸಿನ ಮೇಲೆಯೇ ಕೂರಿಸಿದರೆ ಶವರ್‌ಗೆ ಸಿಗುವುದು ನಾಲ್ಕೈದು ಅಡಿ ಅಷ್ಟೇ. ಅಷ್ಟರಲ್ಲಿ ಆ ತಟ್ಟೆಯಗಲದ ರೇನ್ ಶವರ್ ಸರಿಯಾಗಿ ಸುರಿಯುವುದಿಲ್ಲ. ಅಂಗಡಿಯವರು ಏನೇ ಹೇಳಲಿ, ಅಂಥ ಮನೆಗೆ ಅದನ್ನು ಕೊಳ್ಳಬೇಡಿ. ಮೂರ್ನಾಲ್ಕು ಇಂಚಿನ ಸಾದಾ ಶವರ್ ಸಾಕು.

ಬಕೆಟ್ ಹಿಡಿದು ನೋಡಿ

10 ಲೀಟರಿನ ಬಕೆಟನ್ನು ಬಚ್ಚಲಿನ ಕೆಳಗಿನ ನಲ್ಲಿಗೆ ಹಿಡಿಯಿರಿ. ಒಂದು ನಿಮಿಷದ ಆಸುಪಾಸಿನಲ್ಲಿ ತುಂಬಿದರೆ ಲೈನ್ ಚೆನ್ನಾಗಿದೆ. ಆಮೇಲೆ ಶವರ್‌ಗೆ ಹಿಡಿಯಿರಿ. ಶವರ್ ಮೇಲಿರುವುದರಿಂದ ಸ್ವಲ್ಪ ತಡವಾಗುವುದು ಸಹಜ. ಮೂರು ನಿಮಿಷ ದಾಟಿದರೆ ತಪ್ಪು ಶವರ್ ಅಥವಾ ಬಿಸಿನೀರು-ತಣ್ಣೀರು ಬೆರೆಸುವ ಮಿಕ್ಸರ್‌ನಲ್ಲಿದೆ. ನಲ್ಲಿಯೂ ಶವರ್ ಹಾಗೆಯೇ ನಿಧಾನವಾದರೆ ಶವರ್ ಬಿಚ್ಚಿ ಪ್ರಯೋಜನವಿಲ್ಲ, ಮೇಲೆ ಹೋಗಬೇಕು. ಬಿಸಿನೀರು ಮಾತ್ರ ಕಡಿಮೆಯಾದರೆ ಗೀಸರ್ ನೋಡುವವರನ್ನು ಕರೆಯಿರಿ, ನೀವೇ ಕೈ ಹಾಕಬೇಡಿ.

ಶವರ್ ಬಿಚ್ಚುವಾಗ ಒಂದು ಕೈಯಲ್ಲಿ ಗೋಡೆಯಿಂದ ಬಂದ ಪೈಪನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಇನ್ನೊಂದು ಕೈಯಲ್ಲಿ ಶವರ್ ತಿರುಗಿಸಿ. ಹಿಡಿಯದೆ ತಿರುಗಿಸಿದರೆ ಗೋಡೆಯೊಳಗಿನ ಎಲ್ಬೋ (ಪೈಪಿನ ಬಾಗು ತುಂಡು) ಒಡೆಯುತ್ತದೆ, ಆಗ ಟೈಲ್ಸ್ ಒಡೆಯದೆ ದಾರಿಯಿಲ್ಲ. ಒಳಗಿನ ಜಾಲರಿಯಲ್ಲಿ ಕೆಂಪು ಕೆಸರು ಕಾಣುತ್ತದೆ ಅಲ್ವಾ? ಅದು ನಮ್ಮ ನೀರಿನ ಕಬ್ಬಿಣದ ಅಂಶ ಮತ್ತು ಮುರ (ಕೆಂಪುಕಲ್ಲಿನ) ಮಣ್ಣು. ಬಿಂಬುಳಿ ಎಂಬ ಹುಳಿಕಾಯಿ ಜಜ್ಜಿ ನೀರಿಗೆ ಹಾಕಿ, ಜಾಲರಿಯನ್ನು ಅದರಲ್ಲಿ ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಬಿಂಬುಳಿ ಇಲ್ಲದಿದ್ದರೆ ಲಿಂಬೆ ರಸ. ಕಕ್ಕಸು ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ, ಮೇಲಿನ ಹೊಳಪೆಲ್ಲ ಎದ್ದುಹೋಗುತ್ತದೆ.

ಟೆರೇಸಿನಲ್ಲಿ ಏನು ನೋಡಬೇಕು

ಟ್ಯಾಂಕಿನ ತಳದಲ್ಲಿ ಕೆಸರು ತುಂಬಿದ್ದರೆ ತೊಳೆಯಿರಿ. ಚಕ್ರದಂಥ ಹಿಡಿಯ ಗೇಟ್ ವಾಲ್ವ್ ಇದ್ದರೆ ಅದನ್ನು ನಂಬಬೇಡಿ. ಹಿಡಿ ತಿರುಗುತ್ತಿರುತ್ತದೆ, ಒಳಗಿನ ಬಾಗಿಲು ಕಳಚಿ ಅರ್ಧದಲ್ಲೇ ನಿಂತಿರುತ್ತದೆ. ತೆಗೆಸಿ, ಕಾಲು ಸುತ್ತಿಗೆ ತೆರೆದು ಮುಚ್ಚುವ ಬಾಲ್ ವಾಲ್ವ್ ಹಾಕಿಸಿ.

ಇನ್ನು ಗಾಳಿ. ಹೆಚ್ಚಿನವರು ಎಡವುವುದು ಇಲ್ಲೇ. ಟ್ಯಾಂಕಿನಿಂದ ಹೊರಟ ಪೈಪ್ ತೊಲೆ ದಾಟಲೆಂದೋ ಪ್ಯಾರಾಪೆಟ್ ಹತ್ತಲೆಂದೋ ಒಮ್ಮೆ ಮೇಲೆದ್ದು ಮತ್ತೆ ಕೆಳಗಿಳಿದಿರುತ್ತದೆ. ಆ ಗೂನಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಅದನ್ನು ತಳ್ಳಿಕೊಂಡು ಹೋಗುವಷ್ಟು ಜೋರು ನಾಲ್ಕಡಿ ಎತ್ತರದ ನೀರಿಗೆ ಇರುವುದಿಲ್ಲ. ನಲ್ಲಿ ಬುಸ್ ಎಂದು ಉಸಿರು ಬಿಟ್ಟು ಒಂದಿಷ್ಟು ನೀರು ಉಗುಳಿ ನಿಂತರೆ, ಅಥವಾ ಟ್ಯಾಂಕ್ ಬರಿದಾದ ಮರುದಿನದಿಂದಲೇ ನೀರು ಕಡಿಮೆಯಾಗಿದ್ದರೆ, ಗಾಳಿ ಎಂದೇ ತಿಳಿಯಿರಿ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮುರಕಲ್ಲಿನ ಗುಡ್ಡಕ್ಕೆ ನೀರಿಗಾಗಿ ಅಡ್ಡಕ್ಕೆ ಕೊರೆದ ಸುರಂಗದಿಂದ ತೋಟಕ್ಕೆ ನೀರು ಇಳಿಸುವವರು ಇವತ್ತಿಗೂ ಪೈಪನ್ನು ಎಲ್ಲೂ ಮೇಲಕ್ಕೆ ಹತ್ತಿಸುವುದಿಲ್ಲ. ಹತ್ತಲೇಬೇಕಾದಲ್ಲಿ ಗಾಳಿ ಹೋಗಲು ಜಾಗ ಬಿಡುತ್ತಾರೆ. ಅದೇ ಮನೆಯ ಟೆರೇಸಿನಲ್ಲಿ ಈ ಬುದ್ಧಿ ಯಾಕೆ ಮರೆತುಹೋಗುತ್ತದೋ!

ಪೈಪ್ ಒಂದೇ ಸಮ ಇಳಿಜಾರಾಗಿ ಹೋಗುವ ಹಾಗೆ ಬದಲಿಸುವುದು ಒಳ್ಳೆಯ ದಾರಿ. ಆಗದಿದ್ದರೆ ಗೂನಿನ ಅತಿ ಎತ್ತರದ ಜಾಗಕ್ಕೆ ಒಂದು ಟೀ (T ಆಕಾರದ ಜೋಡಣೆ) ಹಾಕಿ, ಅರ್ಧ ಇಂಚಿನ ಪೈಪನ್ನು ನೆಟ್ಟಗೆ ನಿಲ್ಲಿಸಿ. ಇದೇ ಏರ್ ಪೈಪ್. ಅದರ ಬಾಯಿ ಟ್ಯಾಂಕಿನ ಓವರ್‌ಫ್ಲೋ ಪೈಪಿಗಿಂತ ಒಂದಡಿಯಾದರೂ ಎತ್ತರ ಇರಲಿ. ಗಿಡ್ಡವಾದರೆ ಟ್ಯಾಂಕ್ ತುಂಬಿದಾಗಲೆಲ್ಲ ಅದರಿಂದ ನೀರು ಉಕ್ಕುತ್ತದೆ. ಹಾಗೆ ಉಕ್ಕುತ್ತದೆ ಎಂದೇ ಜನ ಕ್ಯಾಪ್ ಹಾಕುವುದು. ಭಾವನ ಮನೆಯಲ್ಲಿ ಆದದ್ದೂ ಅದೇ. ಕ್ಯಾಪ್ ತೆಗೆದು ಪೈಪಿಗೆ ಒಂದೂವರೆ ಅಡಿ ತುಂಡು ಸೇರಿಸಿದೆವು. ಅದೇ ಸಂಜೆ ಶವರ್ ಸುರಿಯಿತು.

ಇವತ್ತೇ ಸ್ನಾನಕ್ಕೆ ನೀರು ಬೇಕು ಎನ್ನುವವರಿಗೆ ಒಂದು ಅಡ್ಡದಾರಿ ಇದೆ. ಬಾವಿಯ ಮೋಟರಿನಿಂದ ನೇರವಾಗಿ ಬರುವ ಅಂಗಳದ ನಲ್ಲಿಗೆ ಒಂದು ಓಸ್ ಪೈಪ್ ಸಿಕ್ಕಿಸಿ. ಇನ್ನೊಂದು ತುದಿಯನ್ನು ಬಚ್ಚಲಿನ ನಲ್ಲಿಗೆ ಬಿಗಿಯಾಗಿ ಕಟ್ಟಿ. ಟ್ಯಾಂಕಿನ ವಾಲ್ವ್ ತೆರೆದಿರಲಿ, ಮನೆಯ ಉಳಿದ ನಲ್ಲಿಗಳೆಲ್ಲ ಮುಚ್ಚಿರಲಿ. ಬಚ್ಚಲಿನ ನಲ್ಲಿ ಪೂರ್ತಿ ತೆರೆದು ಅರ್ಧ ನಿಮಿಷ ಮೋಟರ್ ಬಿಡಿ. ಒಬ್ಬರು ಟ್ಯಾಂಕಿನ ಹತ್ತಿರ ನಿಂತಿರಬೇಕು. ಗಾಳಿ ಹಿಂದಕ್ಕೆ ಹೋಗಿ ಟ್ಯಾಂಕಿನಲ್ಲಿ ಗುಳುಗುಳು ಎಂದರೆ ಕೂಡಲೇ ನಿಲ್ಲಿಸಿ. ತೋಟದ 5 ಎಚ್‌ಪಿ ಪಂಪಿನಿಂದ ಈ ಕೆಲಸ ಮಾಡಬೇಡಿ, ಗೋಡೆಯೊಳಗಿನ ಜಾಯಿಂಟ್ ಬಿಟ್ಟುಹೋಗುತ್ತದೆ. ಪೈಪಿನ ಗೂನು ಹಾಗೆಯೇ ಇದ್ದರೆ ಗಾಳಿ ಮತ್ತೆ ಸೇರುತ್ತದೆ.

ಇಷ್ಟಾದರೂ ಜೋರು ಸಾಲದಿದ್ದರೆ

ಟ್ಯಾಂಕನ್ನು ನಾಲ್ಕೈದು ಅಡಿ ಎತ್ತರಿಸಿ. 1,000 ಲೀಟರ್ ನೀರು ಎಂದರೆ ಒಂದು ಟನ್ ಭಾರ. ಕಟ್ಟೆ ಗೋಡೆಯ ಮೇಲೆಯೇ ಬರಲಿ, ಸ್ಲ್ಯಾಬಿನ ನಡುವೆ ಬೇಡ. ಟ್ಯಾಂಕಿನಿಂದ ಬಚ್ಚಲಿನವರೆಗೆ ಒಂದು ಇಂಚಿನ ಪೈಪೇ ಬರಲಿ, ಅರ್ಧ ಇಂಚು ಶವರ್‌ಗೆ ಮಾತ್ರ. ಪಂಪ್ ಕಟ್ಟಕಡೆಯದು. ಹಾಕಿಸಿದರೂ ಪಕ್ಕದಲ್ಲೊಂದು ಬೈಪಾಸ್ ಪೈಪ್ ಬಿಡಿಸಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕರೆಂಟ್ ಹೋದಾಗಲೂ ನೀರು ತಾನಾಗಿ ಇಳಿಯಬೇಕು.

ಏರ್ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ. ಹಲ್ಲಿ ಬೀಳುವುದಿಲ್ಲ, ಗಾಳಿಯೂ ಆಡುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು ಟ್ಯಾಂಕ್ ತೊಳೆಯುವ ದಿನವೇ ಅದನ್ನೂ ಬದಲಿಸಿ.